ಗೆರೆಯಿಂದ ಹೊರಗೆ ಬಿದ್ದ ಬೆರಳು

ಕತ್ತಲೆಕೋಣೆಗೆ ಹೋಗುವ ಮೊದಲು ನಮ್ಮ ಮೇಡಂ ಮೂಗುತಿಯ ಮೇಲೆ ಕರಿ ಟೇಪಿನ ಒಂದು ಚೂರು ಅಂಟಿಸಿಕೊಳ್ಳುತ್ತಿದ್ದರು. ಎರಡೂ ಕೈಯ ಬಳೆಗಳಿಗೂ ಅದೇ ಟೇಪು. ನಾವು ಮಾಡುತ್ತಿದ್ದ ಸೆನ್ಸರುಗಳು ಎಷ್ಟು ಸೂಕ್ಷ್ಮವೆಂದರೆ, ಒಳಗಿನ ಸಣ್ಣ ದೀಪದ ಬೆಳಕು ಮೂಗುತಿಯ ಹರಳಿಗೆ ತಾಗಿ ಚಿಮ್ಮಿದರೂ ಅಳತೆ ಕೆಡುತ್ತಿತ್ತು. ಕೆಲಸ ಮುಗಿದ ಮೇಲೆ ಬಳೆಯ ಟೇಪು ಕೀಳುವರು, ಮೂಗಿನದು ಮರೆಯುವರು. ಹಾಗೇ ಪುಣೆಯ ಸದಾಶಿವ ಪೇಠದ ತರಕಾರಿ ಅಂಗಡಿಗೆ ಹೋಗಿ ನಿಲ್ಲುವರು. ಒಮ್ಮೆ ಅಂಗಡಿಯಾಕೆ ಗಾಯವಾಗಿದೆಯೇ ಎಂದು ಕೇಳಿದಾಗ, ಹೌದು, ಹಳೆಯದು, ಮಾಯುತ್ತಿಲ್ಲ ಎಂದು ಮರಾಠಿಯಲ್ಲಿ ಹೇಳಿ ಮೆಂತ್ಯ ಸೊಪ್ಪು ಆರಿಸತೊಡಗಿದರು. ಪಕ್ಕದಲ್ಲಿದ್ದ ನಾನು ನಗಬೇಕೋ ಬೇಡವೋ ತಿಳಿಯದೆ ಚೀಲ ಹಿಡಿದು ನಿಂತಿದ್ದೆ.

ನಾನು ಕೊಳ್ಳೇಗಾಲದ ಕಡೆಯವನು. ಎಲೆಕ್ಟ್ರಾನಿಕ್ಸ್ ಓದಿ, ಕೆಲಸ ಹುಡುಕಿಕೊಂಡು ಪುಣೆಗೆ ಬಂದಿದ್ದೆ. ಸಂದರ್ಶನಕ್ಕೆ ಹೋದರೆ ಈಕೆ ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ನನ್ನ ಕೈ ಎಳೆದುಕೊಂಡು ಟ್ಯೂಬ್‌ಲೈಟಿನ ಕೆಳಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚಲೋ ಕಪ್ಪದೀರಿ. ಸೋಮವಾರದಿಂದ ಬರ್ರಿ" ಎಂದರು. ಹುಟ್ಟಿದಾಗಿನಿಂದ ಬಣ್ಣಕ್ಕಾಗಿ ಮಾತು ಕೇಳಿಸಿಕೊಂಡವನಿಗೆ, ಆ ಬಣ್ಣಕ್ಕೇ ಕೆಲಸ ಸಿಕ್ಕಿತು. ಮೊದಲು ಅವಮಾನವಾಯಿತು, ಸಂಬಳ ನೆನೆದು ಸುಮ್ಮನಾದೆ.

ವಾಡೆ ಎನ್ನುವ ಹಳೇ ತೊಟ್ಟಿಮನೆಯೊಂದರ ಮಹಡಿಯಲ್ಲಿ ನಮ್ಮ ಪ್ರಯೋಗಶಾಲೆ. ಅಲ್ಲಿ ಎರಡು ಕೆಲಸ ನಡೆಯುತ್ತಿದ್ದವು. ನದಿಯ ನೀರಿಗೆ ಬೆಳಕು ಹಾಯಿಸಿ, ಅದು ತಿರುಗಿ ಕೊಡುವ ಮಂದ ಹೊಳಪಿನಿಂದ ಕೊಳೆ ಪತ್ತೆ ಮಾಡುವ ಯಂತ್ರ ಒಂದು. ಅದು ನಮ್ಮ ಹೊಟ್ಟೆಪಾಡು. ಇನ್ನೊಂದು, ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಕ್ಲಿಪ್ಪು. ಅದು ಮೇಡಂ ಅವರ ಸೇಡು. ಸೇಡು ಎಂಬುದು ನನ್ನ ಮಾತಲ್ಲ, ಅವರದೇ. ನಾನೊಮ್ಮೆ, ನಾವು ಮಾಡ್ತಿರೋದು ನ್ಯಾಯದ ಕೆಲಸ ಅಲ್ವಾ ಮೇಡಂ, ಎಂದು ದೊಡ್ಡದಾಗಿ ಹೇಳಿದ್ದಕ್ಕೆ ಬೆಸುಗೆ ಕಡ್ಡಿ ಕೆಳಗಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು.

"ನ್ಯಾಯ ಅಂತ ಚಂದದ ಹೆಸರು ಇಡಬ್ಯಾಡ್ರಿ. ನನಗ ಸೇಡು ಬೇಕಾಗೇದ. ಆ ಮನಷ್ಯಾನ ಬಾಯಿಂದನ ಬರಬೇಕು, ನಮ್ಮ ಮಷೀನು ಸುಳ್ಳ ಹೇಳ್ತು ಅಂತ."

ಆ ಮನುಷ್ಯನನ್ನು ಅವರು ಸಾಹೇಬ ಎಂದಷ್ಟೇ ಕರೆಯುತ್ತಿದ್ದರು. ಅವನ ಕಂಪನಿಯಲ್ಲೇ ಮೇಡಂ ಮೊದಲು ಕೆಲಸಕ್ಕಿದ್ದದ್ದು. ಯಾದಗಿರಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದ ಮನೆತನ ಅವರದು. ತಾಯಿ ಇಟ್ಟಿಗೆ ಹೊತ್ತು ಮಗಳನ್ನು ಎಂಜಿನಿಯರ್ ಮಾಡಿದ್ದಳು. ಆ ಕಂಪನಿಯ ಬೆರಳ ಕ್ಲಿಪ್ಪಿನ ಮೊದಲ ಮಾದರಿಗೆ ಬೆಸುಗೆ ಹಾಕಿದ್ದು ಮೇಡಂ ಅವರ ಕೈಯೇ.

ಕ್ಲಿಪ್ಪಿನ ಒಳಗುಟ್ಟು ಸರಳ. ಒಂದು ಬದಿಯಿಂದ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನೂ ಬೆರಳೊಳಗೆ ಬಿಡುತ್ತದೆ. ಆಚೆ ಬದಿಗೆ ಎಷ್ಟು ಬಂತೆಂದು ಹಿಡಿಯುತ್ತದೆ. ಅದರಿಂದ ಆಮ್ಲಜನಕ ಎಷ್ಟೆಂದು ಹೇಳಲು ಮೊದಲು ಹಲವರ ಬೆರಳಿನ ಅಳತೆಯನ್ನು ಅವರವರ ರಕ್ತಪರೀಕ್ಷೆಯ ಜೊತೆ ಹೋಲಿಸಿ ಒಂದು ಗೆರೆ ಎಳೆದುಕೊಳ್ಳಬೇಕು. ಸಾಹೇಬ ಏನು ಮಾಡಿದ? ಯಾರನ್ನೋ ಹುಡುಕಿ ತರುವ ತಾಪತ್ರಯ ಯಾಕೆಂದು ಆಫೀಸಿನವರನ್ನೇ ಸಾಲಾಗಿ ಕೂರಿಸಿದ. ಎಲ್ಲರೂ ಸುತ್ತಮುತ್ತಲ ಪೇಠಗಳ ಗೋಧಿಬಣ್ಣದವರು. ಎಲ್ಲರ ಚುಕ್ಕೆಗಳೂ ಗೆರೆಯ ಮೇಲೆ ಚೆನ್ನಾಗಿ ಕೂತವು, ಒಂದರ ಹೊರತು. ಮೇಡಂ ಅವರ ಚುಕ್ಕೆ ಗೆರೆ ಬಿಟ್ಟು ದೂರ ಬಿತ್ತು. ಕಪ್ಪು ಚರ್ಮ ಬೆಳಕನ್ನು ಹೆಚ್ಚು ನುಂಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯೋಣ ಎಂದು ಇವರು ಬೇಡಿಕೊಂಡರು. ಸಾಹೇಬ ನಕ್ಕು, "ತುಝಂ ಬೋಟ ಖರಾಬ ಆಹೆ" ಎಂದನಂತೆ, ನಿನ್ನ ಬೆರಳೇ ಕೆಟ್ಟಿದೆ ಎಂದು. ಆ ಚುಕ್ಕೆಯನ್ನು ಅಳಿಸಿಹಾಕಿದ. ಆಫೀಸೆಲ್ಲ ನಕ್ಕಿತು. ಮೇಡಂ ಅದೇ ವಾರ ಕೆಲಸ ಬಿಟ್ಟರು.

ಆಮೇಲೆ ಮಹಾಮಾರಿ ಬಂತು. ಮೇಡಂ ಅವರ ತಮ್ಮ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಅಕ್ಕನಷ್ಟೇ ಕಪ್ಪು. ಉಸಿರು ಮೇಲುಕೆಳಗಾಗುತ್ತಿದ್ದವನನ್ನು ಇವರೇ ಆಸ್ಪತ್ರೆಗೆ ಒಯ್ದರು. ಬಾಗಿಲಲ್ಲೇ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು. ತೊಂಬತ್ತೈದು. ಚೆನ್ನಾಗಿದೆ, ಹಾಸಿಗೆ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಮೇಡಂ ಕ್ಲಿಪ್ಪು ನೋಡಿದರು. ತಮ್ಮ ಕೈಯಾರೆ ಮಾಡಿದ ಮಾದರಿಯದೇ ಮರಿ. ಈ ಮಷೀನಿಗೆ ನಮ್ಮ ಬೆರಳು ಗೊತ್ತಿಲ್ಲ ಎಂದು ಕೂಗಾಡಿದರು, ಡಾಕ್ಟರ ಕೈ ಹಿಡಿದರು. ಹಿಂದೆ ಸಾಲು ಉದ್ದವಿತ್ತು, ಕೇಳುವವರು ಯಾರು? ತಮ್ಮ ಮರುದಿನ ತಗಡಿನ ಶೆಡ್ಡಿನಲ್ಲಿ ಅಕ್ಕನ ತೊಡೆಯ ಮೇಲೆ ತೀರಿಕೊಂಡ.

ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಚಹಾ ಕುಡಿಯುತ್ತ, ಕಣ್ಣೀರಿಲ್ಲದೆ. ಕೇಳಿದ ನನಗೆ ಮಾತ್ರ ಆ ಸಾಹೇಬನ ಕುತ್ತಿಗೆ ಹಿಸುಕಬೇಕೆನ್ನಿಸಿತು. ಈಗಲೂ ಅನ್ನಿಸುತ್ತದೆ.

ಅಲ್ಲಿಂದ ಮುಂದೆ ಮೇಡಂ ಕೂಲಿಕಾರರ ಕೇರಿಗಳಿಗೆ ಹೋಗಿ, ನಮ್ಮ ಕರ್ನಾಟಕದ ಕಡೆಯ ಹೆಂಗಸರನ್ನೂ ಗಂಡಸರನ್ನೂ ಒಪ್ಪಿಸಿ ಅಳತೆಗೆ ಬೆರಳು ಕೇಳಿದರು. ಸುಣ್ಣ ಸಿಮೆಂಟು ತಿಂದ ಒರಟು ಬೆರಳುಗಳು. ನದಿಯ ನೀರಿಗೆಂದು ಮಾಡಿದ, ಎಳ್ಳಷ್ಟು ಬೆಳಕನ್ನೂ ಬಿಡದೆ ಹಿಡಿಯುವ ಸೆನ್ಸರನ್ನೇ ಕ್ಲಿಪ್ಪಿಗೆ ತಂದರು. ಮೊದಲು ಚರ್ಮ ಎಷ್ಟು ಬೆಳಕು ನುಂಗಿತೆಂದು ಅಳೆದು, ಆಮೇಲೆ ರಕ್ತದ ಲೆಕ್ಕ ಹೇಳುವ ಹಾಗೆ ಮಾಡಿದರು. ಹೊಸಬರು ಯಾರು ಮಹಡಿ ಹತ್ತಿದರೂ, ಕೊರಿಯರ್‌ನವನಾದರೂ ಸರಿ, ಬೆರಳು ಕೊಟ್ಟೇ ಇಳಿಯಬೇಕು. "ಬೆಳಕು ಭೇದ ಮಾಡಂಗಿಲ್ರಿ. ಅದನ್ನ ಹಿಡಿಯೋರು ಮಾಡತಾರ" ಎನ್ನುತ್ತಿದ್ದರು.

ಕಡೆಗೂ ಆ ದಿನ ಬಂತು. ಸಣ್ಣ ಊರುಗಳ ದವಾಖಾನೆಗಳಿಗೆ ಕ್ಲಿಪ್ಪು ಆರಿಸಲು ಒಂದು ಸಮಿತಿ ಕೂತಿತು. ಸಾಹೇಬನದೂ ನಮ್ಮದೂ ಎದುರುಬದುರು. ಎರಡೂ ಕಡೆಯವರು ಒಬ್ಬೊಬ್ಬ ಆರೋಗ್ಯವಂತನನ್ನು ಕರೆತರಬೇಕು. ಡಾಕ್ಟರ ಎದುರಿಗೆ ಆತ ಆಮ್ಲಜನಕ ಕಡಿಮೆಯಿರುವ ಗಾಳಿ ಉಸಿರಾಡಬೇಕು. ಒಂದು ಕೈಗೆ ಅವರ ಕ್ಲಿಪ್ಪು, ಇನ್ನೊಂದಕ್ಕೆ ನಮ್ಮದು, ಕೊನೆಗೆ ರಕ್ತಪರೀಕ್ಷೆ. ಸಾಹೇಬ ತನ್ನ ಅಳಿಯನನ್ನು ತಂದಿದ್ದ, ಕೆನೆಹಾಲಿನಂಥ ಮೈಬಣ್ಣದವನು. ಅವನಲ್ಲಿ ಎರಡೂ ಕ್ಲಿಪ್ಪು ಸರಿಯಾಗೇ ಹೇಳಿದವು. ಮೇಡಂ ತಂದದ್ದು ನನ್ನನ್ನು.

ಮೂಗು ಬಾಯಿಗೆ ಮಾಸ್ಕು ಹಾಕಿದರು. ಗಾಳಿ ತೆಳುವಾಗುತ್ತ ಬಂತು. ತಲೆ ಹಗುರಾಯಿತು, ಕಿವಿಯಲ್ಲಿ ಗುಂಯ್ ಎಂದಿತು, ಕಾಲು ನನ್ನದಲ್ಲವೆನ್ನಿಸಿತು. ಬಲಗೈಯ ನಮ್ಮ ಕ್ಲಿಪ್ಪು ಎಂಬತ್ತಾರಕ್ಕೆ ಇಳಿದಿತ್ತು. ಎಡಗೈಯ ಸಾಹೇಬನದು ತೊಂಬತ್ತೈದು ಎಂದು ಹಸಿರು ದೀಪ ಹೊತ್ತಿಸಿಕೊಂಡು ಕೂತಿತ್ತು. ಡಾಕ್ಟರು ರಕ್ತ ಎಳೆದುಕೊಂಡರು. ಅದರ ಫಲ ಬರುವ ಮುಂಚೆಯೇ ಮೇಡಂ ಕುರ್ಚಿಯಿಂದ ಎದ್ದು, ಸಮಿತಿಯವರನ್ನು ಬಿಟ್ಟು ನೇರ ಸಾಹೇಬನ ಮುಂದೆ ನಿಂತರು.

"ಸಾಹೇಬ, ಯಾಲಾ ಘರೀ ಪಾಠವೂ ಕಾ?"

ಇವನನ್ನು ಮನೆಗೆ ಕಳಿಸಲೇ ಎಂದು. ಸಾಹೇಬ ನನ್ನ ಬಾಡಿದ ತುಟಿ ನೋಡಿದ, ತನ್ನ ಹಸಿರು ದೀಪ ನೋಡಿದ. ಮೇಡಂ ಅಲುಗಲಿಲ್ಲ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು.

"ನಕೊ... ನಕೊ" ಎಂದ ಸಾಹೇಬ. ಕಳಿಸಬೇಡಿ. ತನ್ನ ಯಂತ್ರವನ್ನು ತಾನೇ ನಂಬಲಿಲ್ಲ, ಎಲ್ಲರೆದುರು. ಡಾಕ್ಟರು ಆಮ್ಲಜನಕ ಬಿಟ್ಟರು. ರಕ್ತದ ಫಲವೂ ಬಂದು ನಮ್ಮ ಕ್ಲಿಪ್ಪಿನ ಮಾತನ್ನೇ ಹೇಳಿತು. ಆ ಹೊತ್ತಿಗೆ ಸಾಹೇಬ ಮೇಜಿನ ಮೇಲಿನ ನೀರಿನ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. ನನಗಾದ ಸಂತೋಷವನ್ನು ಬಚ್ಚಿಡುವುದಿಲ್ಲ. ಅವನ ಮುಖದಲ್ಲಿ ರಕ್ತ ಇಳಿದದ್ದನ್ನು ಕಣ್ತುಂಬ ನೋಡಿದೆ.

ಅವನ ಕ್ಲಿಪ್ಪು ತಿರಸ್ಕೃತವಾಯಿತು, ನಮ್ಮದು ಆಯ್ಕೆಯಾಯಿತು. ಹಳೆಯವನ್ನೂ ದವಾಖಾನೆಗಳಿಂದ ವಾಪಸ್ ತೆಗೆಸಿದರು. ಅಂದು ಹೊರಗೆ ಬಂದು, ಸಮಾಧಾನ ಆಯ್ತಾ ಮೇಡಂ ಎಂದು ಕೇಳಿದೆ.

"ಇಲ್ಲ ತಮ್ಮಾ. ಆದ್ರ ಹಸಿವಿ ಆಗೇದ ನೋಡು."

ಅದುವರೆಗೆ ನನ್ನನ್ನು ರೀ ಎನ್ನುತ್ತಿದ್ದವರು. ಗಾಡಿಯ ಮುಂದೆ ನಿಂತು ವಡಾಪಾವ್ ತಿಂದರು, ಮೆಣಸಿನಕಾಯಿ ಕಚ್ಚಿ ಕಚ್ಚಿ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಏನೋ.

ಹೋದ ವರ್ಷ ಅವರಿಗೆ ಪುಪ್ಪುಸದ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಬೆರಳಿಗಿದ್ದದ್ದು ನಮ್ಮದೇ ಕ್ಲಿಪ್ಪು. ಅಂಕಿ ದಿನದಿನಕ್ಕೂ ಇಳಿಯುತ್ತಿತ್ತು. ನರ್ಸು ಬೀದರ್ ಕಡೆಯ ಹುಡುಗಿ, ಮನಸ್ಸು ಮೆತ್ತಗಿನದು. "ಮಷೀನ್ ಅದ ಅಮ್ಮಾ, ಒಮ್ಮೊಮ್ಮೆ ತಪ್ಪ ತೋರಸ್ತದ" ಎಂದು ಸಮಾಧಾನ ಹೇಳಿದಳು. ಮೇಡಂ ಆಮ್ಲಜನಕದ ಮಾಸ್ಕು ಸರಿಸಿ ಅವಳನ್ನು ಗದರಿದರು.

"ಇದು ಸುಳ್ಳ ಹೇಳಂಗಿಲ್ಲವ್ವ. ನಾನ ಮಾಡೀನಿ."

ಅದೇ ವಾರ ಹೋದರು. ಇವತ್ತು ನಾನು ಉಣ್ಣುವ ಅನ್ನವೂ, ನನ್ನ ಬಣ್ಣವನ್ನು ಕನ್ನಡಿಯಲ್ಲಿ ನೋಡಿಕೊಳ್ಳುವ ಧೈರ್ಯವೂ ಅವರದು.

ಹದಿನಾಲ್ಕನೆಯ ದಿನದ ಕಾರ್ಯ ಮುಗಿದ ಮೇಲೆ ಸಾಹೇಬನ ಫೋನು ಬಂತು. ತುಂಬ ಹೊತ್ತು ಹೊಗಳಿದ, ಎಂಥ ಬುದ್ಧಿ, ಎಂಥ ಛಲ ಎಂದ. ಆಮೇಲೆ ದನಿ ತಗ್ಗಿಸಿ, ಹೋಗುವ ಮೊದಲು ಮೇಡಂ ತನ್ನನ್ನು ಕ್ಷಮಿಸಿದ್ದರಾ ಎಂದು ಕೇಳಿದ. ಮುದುಕನಿಗೆ ಒಂದು ಒಳ್ಳೆಯ ಮಾತು ಹೇಳಿಬಿಟ್ಟರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಇಲ್ಲ ಎಂದೆ. ನಾನೂ ಕ್ಷಮಿಸಿಲ್ಲ ಎಂದು ಫೋನಿಟ್ಟೆ.