ಆಯಾರ ಮುಗಿಯುವವರೆಗೆ

ಮೊನ್ನೆ ಬಳಗಾನೂರಿನ ಮದುವೆಯೊಂದರಲ್ಲಿ ಎಡಪಕ್ಕದ ಕುರ್ಚಿಯ ಅಜ್ಜಿ ಮೊಮ್ಮಗುವಿನ ನೆತ್ತಿಗೆ ಔಡಲೆಣ್ಣೆ ತಟ್ಟುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಢೋಲಕ್ ಕಾಕಾ ಬಂದು ಕುಳಿತಂತಾಯಿತು. ದನಿ ದಪ್ಪವಾಗಲೆಂದು ಢೋಲಕ್ಕಿನ ಎಡಮಗ್ಗುಲಿಗೆ ಒಳಗಿನಿಂದ ಹಚ್ಚುವ ಮಸಾಲೆಯನ್ನು ಅವರು ಔಡಲೆಣ್ಣೆಯಲ್ಲೇ ನಾದುತ್ತಿದ್ದರು. ಅವರ ಅಂಗಿ, ಹೆಗಲ ಮೇಲಿನ ವಲ್ಲಿ, ಬೀಡಿ ಕಟ್ಟು... ಎಲ್ಲಕ್ಕೂ ಅದೇ ವಾಸನೆ.

ಎಂಬತ್ತರ ದಶಕದ ಕೊನೆ. ಸಿಂಧನೂರಿನ ನಮ್ಮ ಆರ್ಕೆಸ್ಟ್ರಾದಲ್ಲಿ ಕಾಕಾ ಢೋಲಕ್ ಬಾರಿಸುತ್ತಿದ್ದರು, ನಾನು ಗಿಟಾರ್ ನುಡಿಸುತ್ತಿದ್ದೆ. ಹಾಡಿನ ನಡುವೆ ನನ್ನ ಸರದಿ ಬಂದಾಗ ಸೀಟಿ ಬೀಳುತ್ತಿದ್ದವು. ಅಷ್ಟರಲ್ಲಿ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ತರುಣನೊಬ್ಬ ಬಂದ; ನನಗಿಂತ ಚೆಂದ ನುಡಿಸಿದ. ಬೇಸ್ ನುಡಿಸುವವನು ನೌಕರಿ ಸಿಕ್ಕು ಬಿಟ್ಟುಹೋಗಿದ್ದ. ಅವನ ನಾಲ್ಕು ದಪ್ಪ ತಂತಿಯ ಗಿಟಾರು ನನ್ನ ಕೊರಳಿಗೆ ಬಿತ್ತು.

“ಇದರ ದನಿ ಯಾರಿಗೆ ಕೇಳಸ್ತೈತಿ ಕಾಕಾ?” ಎಂದೆ.

“ಹಾಡೋರಿಗೆ ಕೇಳಸ್ತೈತೋ ತಮ್ಮಾ. ಮಂದಿ ತಗೊಂಡು ಏನ್ ಮಾಡ್ತಿ?”

ನಮ್ಮ ಕಡೆ ಮದುವೆಯಲ್ಲಿ ಹಾಡು ನಡೆದಿರುವಾಗಲೇ ಹಿರಿಯರೊಬ್ಬರು ಮೇಲೇರಿ, ಮೈಕು ಇಸಿದುಕೊಂಡು ಆಯಾರ ಕೂಗುತ್ತಾರೆ. ಇಂಥವರಿಂದ ಮದುಮಗನಿಗೆ ಬಟ್ಟೆ, ಇಂಥವರಿಂದ ಮದುಮಗಳಿಗೆ ಸೀರೆ. ಕೂಗು ಮುಗಿಯುವವರೆಗೆ ಬಾರಿಸುವವರು ಮೆಲ್ಲಗೆ ಅದೇ ಸಾಲನ್ನು ಸುತ್ತುತ್ತಿರಬೇಕು, ಹಾಡುವವರು ಮರಳಿ ಬಂದು ಕೂಡಿಕೊಳ್ಳಲು.

ಮಸ್ಕಿಯ ಮದುವೆಯೊಂದರಲ್ಲಿ ಆ ಬಿಡುವು ಸಿಕ್ಕದ್ದೇ ನನ್ನ ಕೈ ಹಳೆಯ ಚಾಳಿಗೆ ಬಿತ್ತು. ಸಾಲು ಬಿಟ್ಟು ಬೇಸಿನ ಮೇಲೆಯೇ ಓಡಾಡಿಬಿಟ್ಟೆ. ನಾವೆಲ್ಲ ಅಕ್ಕಾರು ಎನ್ನುತ್ತಿದ್ದ ಗಾಯಕಿ, ಆಯಾರ ಮುಗಿದರೂ ಎಲ್ಲಿ ಸೇರಬೇಕೆಂದು ತಿಳಿಯದೆ ಮೈಕು ಹಿಡಿದು ನಿಂತರು. ಮಂದಿ ನಕ್ಕರು.

“ಏನಪಾ ತಮ್ಮಾ, ಹಾಡು ನಂದೋ ನಿಂದೋ? ನಿಂದ ಇದ್ರ ಹೇಳು, ನಾ ಉಣ್ಣಾಕ ಹೋಗ್ತೀನಿ,” ಎಂದರು ಆಮೇಲೆ.

ಮುಂದೆ ಲಿಂಗಸುಗೂರಿನ ಮದುವೆಯಲ್ಲೂ ಹೀಗಾದರೆ ಆಮೇಲೆ ನೀನು ಮನೆಯಲ್ಲೇ ಇರು ಎಂದರು ಆರ್ಕೆಸ್ಟ್ರಾದ ಮಾಲೀಕರು.

ಮರುದಿನವೇ ಕಾಕಾ ನನ್ನನ್ನು ತಮ್ಮ ಅಂಗಳದಲ್ಲಿ ಕೂಡಿಸಿಕೊಂಡರು. ಅವರು ಎಡಗೈ ಮಾತ್ರ ಬಾರಿಸುವರು. ಆ ಪೆಟ್ಟಿನ ಮೇಲೆ ನಾನು ಒಂದು ಸ್ವರ ಇಡಬೇಕು. ಜೋಳ ಹಸನು ಮಾಡುತ್ತಿದ್ದ ಅವರ ಹೆಂಡತಿ, ನಮ್ಮ ಕಾಕು, ಬೇಕೆಂದೇ ಮಾತಿಗೆಳೆಯುವರು: “ನಿನಗ ಹೆಣ್ಣು ನೋಡ್ಯಾರಂತಲ್ಲ, ಹೌದೇನು?” ನಾನು ನಾಚಿ ತಪ್ಪುತ್ತಿದ್ದೆ.

“ಬೆರಳು ನೋಡಬ್ಯಾಡಲೇ,” ಎನ್ನುವರು ಕಾಕಾ. “ಹಾಡೋರ ಬಾಯಿ ನೋಡು. ಉಸುರು ತಗೊಂಡ್ರಂದ್ರ ಬಂದ್ರು ಅಂತ ತಿಳ್ಕೊ.”

ಲಿಂಗಸುಗೂರಿನಲ್ಲಿ ಮೈಕು ಹಿಡಿದ ಹಿರಿಯರು ಆಯಾರದ ಜೊತೆಗೆ ಬೀಗರ ಮನೆತನದ ಕಥೆಯನ್ನೂ ಶುರುಮಾಡಿದರು. ಅಕ್ಕಾರು ನೀರು ಕುಡಿದರು, ಸೆರಗು ಸರಿಮಾಡಿಕೊಂಡರು. ನನ್ನ ಬೆರಳು ಉರಿಯುತ್ತಿದ್ದವು, ಸುತ್ತುತ್ತಲೇ ಇದ್ದೆ. ಕೊನೆಗೆ ಮೈಕು ಮರಳಿತು, ಅಕ್ಕಾರು ಉಸಿರೆಳೆದುಕೊಂಡದ್ದು ಕಂಡಿತು... ಹಾಡು ನಿಂತೇ ಇರಲಿಲ್ಲವೆಂಬಂತೆ ಬಂದು ಕೂಡಿದರು. ಸೀಟಿಗಳು ಅಕ್ಕಾರಿಗೆ ಬಿದ್ದವು. ಎಡಗಡೆ ಕುಳಿತಿದ್ದ ಕಾಕಾ ನನ್ನತ್ತ ಒಮ್ಮೆ ಹುಬ್ಬು ಎತ್ತಿದರು. ಆಮೇಲೆ ಆರ್ಕೆಸ್ಟ್ರಾ ಮುಚ್ಚುವವರೆಗೂ ನಾನು ಬೇಸ್ ಕೆಳಗಿಡಲಿಲ್ಲ.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಬಳಗಾನೂರಿನಲ್ಲಿ ಮೊನ್ನೆ ಹಾಡು ಬರುತ್ತಿದ್ದದ್ದು ಸ್ಪೀಕರಿನ ಪೆಟ್ಟಿಗೆಯಿಂದ. ಆಯಾರ ಕೂಗಲು ಯಾರೋ ಮೈಕು ಎತ್ತಿದರು. ಹಾಡನ್ನು ನಡುಸಾಲಿನಲ್ಲೇ ಬಂದ್ ಮಾಡಿದರು. ತೊಡೆಯ ಮೇಲೆ ನನ್ನ ಬೆರಳುಗಳು ತಾವೇ ಸುತ್ತತೊಡಗಿದವು. ಎಡಕ್ಕೆ ಹೊರಳಿ ನೋಡಿದೆ... ಅಜ್ಜಿ ಮಗುವನ್ನೆತ್ತಿಕೊಂಡು ಊಟಕ್ಕೆ ಎದ್ದು ಹೋಗಿದ್ದಳು. ಔಡಲೆಣ್ಣೆಯ ವಾಸನೆಯೂ ಇರಲಿಲ್ಲ.