ವೈನಿಯ ಬೂಟಿಗೆ ಮೂರು ಕೊಟೇಶನ್

ಮಳೆಗಾಲ ಮುಗಿದ ಮೇಲಿನ ಒಂದು ಶನಿವಾರ ನಾನು, ನನ್ನ ಅಣ್ಣ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ, ಪುಣೆಯ ಮೂರು ದೊಡ್ಡ ಕ್ರೀಡಾ ಸಾಮಗ್ರಿ ಅಂಗಡಿಗಳನ್ನು ಒಂದೇ ದಿನದಲ್ಲಿ ನೋಡಿ ಮುಗಿಸಿದೆವು. ನಮ್ಮಲ್ಲಿ ಯಾರೂ ಕ್ರೀಡಾಪಟುಗಳಲ್ಲ. ನಮಗೆ ಬೇಕಾಗಿದ್ದದ್ದು ಒಂದು ಜೊತೆ ಬೂಟು, ಅದೂ ವೈನಿಗೆ.

ವೈನಿ ಕೋಥರೂಡದ ತಮ್ಮ ಸೊಸೈಟಿಯ ಹೆಂಗಸರ ಜೊತೆ ಭಾನುವಾರ ಬೆಳಿಗ್ಗೆ ಸಿಂಹಗಡದ ಕೋಟೆ ಹತ್ತುತ್ತಾರೆ. ಗುಂಪಿನ ಯಜಮಾನಿಕೆ ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದ ಒಬ್ಬ ಮರಾಠಿ ಮೇಡಮ್ ಅವರದು. ಚಳಿಗಾಲದಲ್ಲಿ ಈ ಗುಂಪು ರಾಜಗಡಕ್ಕೆ ಹೋಗಿ, ರಾತ್ರಿ ಕೋಟೆಯ ಮೇಲೇ ಮಲಗಿ, ಮರುದಿನ ಇಳಿಯುವುದು ಎಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ವೈನಿ ಸಿಂಹಗಡದ ಜಲ್ಲಿಯ ಮೇಲೆ ಸ್ಯಾಂಡಲ್ ಜಾರಿ, ಇಳಿಜಾರಿನ ಒಂದು ಭಾಗವನ್ನು ಕುಳಿತೇ ಇಳಿದರು. ಮೇಡಮ್ ಅದನ್ನು ನೋಡಿದರು. ಬರುವ ಭಾನುವಾರ ಹಿಡಿತವಿರುವ ಬೂಟು ಹಾಕಿಕೊಂಡು ತುದಿ ಮುಟ್ಟಿದವರಿಗೆ ಮಾತ್ರ ರಾಜಗಡ, ಉಳಿದವರು ಮನೆಯಲ್ಲಿರಬಹುದು ಎಂದು ಗುಂಪಿನಲ್ಲಿ ಹೇಳಿದರು. ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ.

ಮದುವೆಯಾದಾಗಿನಿಂದ ವೈನಿ ಲಗ್ನ, ಮುಂಜಿವೆ, ಬಾಣಂತನ, ಆಸ್ಪತ್ರೆ ಇವುಗಳನ್ನು ಬಿಟ್ಟು ಬೇರೆ ಕಾರಣಕ್ಕೆ ಮನೆಯ ಹೊರಗೆ ರಾತ್ರಿ ಕಳೆದವರಲ್ಲ. ರಾಜಗಡದ ಚೀಲವನ್ನು ಅವರು ಆಗಲೇ ತುಂಬಿ ಕಪಾಟಿನ ಮೇಲಿಟ್ಟಿದ್ದರು. ಅಣ್ಣ ಆ ಚೀಲ ನೋಡಿ ನಗುತ್ತಿದ್ದ. ವೈನಿ ನಗುತ್ತಿರಲಿಲ್ಲ.

ಬೂಟು ಒಂದೇ ಅಂಗಡಿಯಲ್ಲಿ ಕೊಂಡು ಮುಗಿಸಬಹುದಿತ್ತು. ಆದರೆ ಅಣ್ಣ ಭೋಸರಿಯ ಒಂದು ಕಾರ್ಖಾನೆಯಲ್ಲಿ ಖರೀದಿ ವಿಭಾಗದವನು. "ನಮ್ಮ ಫ್ಯಾಕ್ಟರ್ಯಾಗ ಒಂದು ವಾಶರ್ ತಗೋಬೇಕಂದ್ರೂ ಮೂರು ಕೊಟೇಶನ್ ಬೇಕು. ಇದಂತೂ ಬೂಟು" ಎಂದ. ನಾನು ಶಿವಾಜಿನಗರದಲ್ಲಿ ಬಾಡಿಗೆಗೆ ಇದ್ದುಕೊಂಡು ಕನ್ನಡ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವಳು. ಶನಿವಾರ ಊಟಕ್ಕೆ ಅವರ ಮನೆಗೆ ಹೋಗುವುದು ವಾಡಿಕೆ. ಅಣ್ಣ ನನ್ನನ್ನೂ ಹೊರಡಿಸಿದ.

"ನೀ ಪೇಪರಿನಾಕಿ. ಯಾರ ಕಡೆನೂ ಇರೂದಿಲ್ಲ. ಸಾಕ್ಷಿಗೆ ಬಾ."

"ಹೌದ್ ಹೌದು, ಯಾರ ಕಡೆನೂ ಇರೂದಿಲ್ಲ" ಎಂದರು ವೈನಿ. "ಊಟದ ಹೊತ್ತಿಗಷ್ಟ ನನ್ನ ಕಡೆ."

ಮೊದಲನೆಯದು ಹೆದ್ದಾರಿಯ ಪಕ್ಕದ, ವಿಮಾನ ನಿಲ್ಲಿಸುವಷ್ಟು ದೊಡ್ಡ ಶೆಡ್ಡು. ಒಳಗೆ ಕ್ರಿಕೆಟ್ ಬ್ಯಾಟಿನಿಂದ ಕುದುರೆಯ ಜೀನಿನವರೆಗೆ ಎಲ್ಲವೂ ಇತ್ತು. ಕುದುರೆ ಮಾತ್ರ ಇರಲಿಲ್ಲ. ಮಕ್ಕಳು ಸಾಲುಗಳ ನಡುವೆ ಹೊಸ ಸೈಕಲ್ಲು ಓಡಿಸುತ್ತಿದ್ದರು. ನೋಡಲೆಂದು ಬಿಚ್ಚಿಟ್ಟ ಡೇರೆಯೊಂದರಲ್ಲಿ ಒಬ್ಬ ಗೃಹಸ್ಥರು ಮಲಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಅವರನ್ನು ಯಾರೂ ಎಬ್ಬಿಸಲಿಲ್ಲ. ಬೆಲೆಗಳನ್ನು ದೂರದಿಂದ ಓದುವಂತೆ ದಪ್ಪಕ್ಷರದಲ್ಲಿ ಬರೆದಿದ್ದರು, ಮತ್ತು ಅವು ಓದಬಹುದಾದ ಬೆಲೆಗಳೇ ಆಗಿದ್ದವು. ಅಣ್ಣನ ಮುಖ ಅರಳಿತು. ಅವನು ಮಡಚುವ ಕುರ್ಚಿಯೊಂದರ ಮೇಲೆ ಕುಳಿತು ಅದರ ಕಾಲಿನ ರಿವೆಟ್ಟುಗಳನ್ನು ಪರೀಕ್ಷಿಸತೊಡಗಿದ.

ಅಲ್ಲಿನ ಕೊರತೆ ಎಂದರೆ ಮನುಷ್ಯರು. ಆಯ್ಕೆ ಬೇಕಾದಷ್ಟು, ಆರಿಸಲು ನೆರವಾಗುವವರು ಇಲ್ಲ. ಬಹಳ ಹೊತ್ತಿನ ಮೇಲೆ ಕಿವಿಗೆ ವಾಕಿಟಾಕಿ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಸಿಕ್ಕಳು. ವೈನಿ ಒಂದು ಬೂಟು ಹಾಕಿಕೊಂಡರು. ಅಳತೆ ಸರಿಯಾಗಿತ್ತು. ಆದರೆ ವೈನಿ ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಬೂಟಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದಲ್ಲಿ ಒಳಗೆ ಹೋಯಿತು.

"ಹೇ ಘಟ್ಟ ನಾಹೀತ" ಎಂದರು ತಮ್ಮ ಮರಾಠಿಯಲ್ಲಿ. "ಮಲಾ ಘಟ್ಟ ಪಾಹಿಜೇತ. ಏಕದಮ ಘಟ್ಟ." ಇವು ಘಟ್ಟ ಇಲ್ಲ, ನನಗೆ ಘಟ್ಟ ಬೇಕು ಎಂದು.

ಹುಡುಗಿ ತಲೆಯಾಡಿಸಿ ಇನ್ನೊಂದು ಜೊತೆ ತಂದಳು. ಅಂಗಡಿಯ ಮೂಲೆಯಲ್ಲಿ ಹತ್ತಿ ನೋಡಲೆಂದು ಸುಳ್ಳು ಬಂಡೆಯ ಒಂದು ಇಳಿಜಾರು ಮಾಡಿಟ್ಟಿದ್ದಾರೆ. ವೈನಿ ಸೀರೆ ಎತ್ತಿ ಹಿಡಿದು ಹತ್ತಿದರು. ಇಳಿಯುವಾಗ ಮುಖ ಕಿವುಚಿದರು. "ಬೆರಳ ಹಿಂಡತಾವವಾ. ಹಾಗಲಕಾಯಿ ಹಿಂಡಿಧಂಗ." ಹುಡುಗಿಗೆ ಮತ್ತೆ ಅದೇ ಮಾತು ಹೇಳಿ ಬೇರೆ ಬಣ್ಣದ್ದು ತರಿಸಿದರು. ಅದು ಇನ್ನೂ ಹಿಂಡಿತು. ಅಳತೆಗಳನ್ನು ಯುರೋಪಿನ ಅಂಕಿಗಳಲ್ಲಿ ಬರೆದಿದ್ದರಿಂದ ನಮಗೆ ಯಾರಿಗೂ ಅರ್ಥವಾಗಲಿಲ್ಲ. ವೈನಿ ಕನ್ನಡಕ ತಂದಿರಲಿಲ್ಲ. ಅಣ್ಣ ಕುರ್ಚಿ ಬಿಟ್ಟು ಮೀನಿನ ಗಾಳಗಳ ವಿಭಾಗಕ್ಕೆ ಹೋಗಿದ್ದ.

ಎರಡನೆಯದು ಮಾಲಿನೊಳಗಿನ ಅಂಗಡಿ. ಅಲ್ಲಿ ಬೂಟುಗಳು ಸಾಲಾಗಿ ನಿಲ್ಲುವುದಿಲ್ಲ. ಒಂದೊಂದಕ್ಕೆ ಒಂದೊಂದು ಗಾಜಿನ ಪೀಠ, ಮೇಲೊಂದು ದೀಪ, ಸರಾಫರ ಅಂಗಡಿಯ ಹಾಗೆ. ಅಣ್ಣ ಒಂದರ ಬೆಲೆಯ ಚೀಟಿಯನ್ನು ತಿರುಗಿಸಿ ನೋಡಿ, ಮಲಗಿದ ಕೂಸಿಗೆ ಹೊದಿಸುವಷ್ಟು ಮೆಲ್ಲಗೆ ಮರಳಿ ಮುಚ್ಚಿದ. ಆದರೂ ಪದ್ಧತಿ ಬಿಡಲಿಲ್ಲ. ಬಲ್ಕ್ ತೆಗೆದುಕೊಂಡರೆ ಏನು ಡಿಸ್ಕೌಂಟ್ ಎಂದು ಹಿಂದಿಯಲ್ಲಿ ವಿಚಾರಿಸಿದ. ಎಷ್ಟು ಬೇಕು ಎಂದು ಅವರು ಕೇಳಿದರು. ಒಂದು ಜೊತೆ ಎಂದ.

ಇಲ್ಲಿ ಮನುಷ್ಯರಿಗೆ ಕೊರತೆಯಿರಲಿಲ್ಲ. ಕರಿ ಅಂಗಿಯ ತರುಣನೊಬ್ಬ ಮಂಡಿಯೂರಿ ಕುಳಿತು ವೈನಿಯ ಪಾದ ಹಿಡಿದ. ವೈನಿ ಗಾಬರಿಯಾಗಿ ಕನ್ನಡಕ್ಕೇ ಬಂದರು. "ಅಯ್ಯ, ಏಳಪಾ ಏಳು, ಕಾಲ ಮುಟ್ಟಬ್ಯಾಡ!" ಅವನು ಏಳಲಿಲ್ಲ, ಬೂಟಿನ ಲಾಡಿ ಕಟ್ಟಲು ತಲೆ ಬಗ್ಗಿಸಿದ. ವೈನಿಯ ಬಲಗೈ ರೂಢಿಯಂತೆ ಆಶೀರ್ವಾದಕ್ಕೆ ಅರ್ಧ ಮೇಲೆದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಅವರು ಅದನ್ನು ಕೂದಲು ಸರಿಪಡಿಸುವುದಕ್ಕೆ ಬಳಸಿಕೊಂಡರು.

ಅಲ್ಲಿಯೂ ಮೊದಲ ಜೊತೆ ಒತ್ತಿದರೆ ಒಳಗೆ ಹೋಯಿತು. ಅಲ್ಲಿಯೂ ವೈನಿ 'ಘಟ್ಟ' ಕೇಳಿದರು. ತರುಣ "ಹಾಂ, ಸ್ನಗ್ ಫಿಟ್" ಎಂದು ಒಳಗೆ ಹೋಗಿ ಬೇರೆ ತಂದ. ಆ ಜೊತೆಯಲ್ಲಿ ವೈನಿಗೆ ನಿಂತಲ್ಲಿಂದ ಕದಲಲು ಆಗಲಿಲ್ಲ.

ಕಾರಿನಲ್ಲಿ ಕುಳಿತ ಕೂಡಲೇ ಅವರು ಗುಂಪಿನ ವಾಟ್ಸಾಪಿಗೆ ಧ್ವನಿ ಸಂದೇಶ ಕಳಿಸಿದರು. ಹೆದ್ದಾರಿಯ ಅಂಗಡಿಯವರು ಹೆಂಗಸರ ಪಾದ ನೋಡಿಯೇ ಇಲ್ಲ, ಮಾಲಿನವರು ನೋಡಿದ್ದಾರೆ, ಆದರೆ ಚೀನಾದ ಹೆಂಗಸರದು ಎಂಬುದು ಅದರ ಸಾರ. ಹೆಬ್ಬೆರಳಿನ ಗುರುತು ಕೂಡಲೇ ಐದಾರು ಬಂದವು. ಸುದ್ದಿ ಹಬ್ಬಿತು.

ಆಮೇಲೆ ವೈನಿ ಕಾಲಿನ ಸ್ಯಾಂಡಲ್ ಬಿಚ್ಚಿ ತಿರುಗಿಸಿ ನೋಡಿದರು. "ಸ್ಯಾಂಡಲ್ಲಿಗೇ ಮ್ಯಾಲೊಂದ ಪಟ್ಟಿ ಹಚ್ಚಿಸಿದ್ರ?" ಎಂದರು.

"ಮ್ಯಾಡಮ್ ಒಪ್ಪಂಗಿಲ್ಲ" ಎಂದ ಅಣ್ಣ.

"ಒಪ್ಪಂಗಿಲ್ಲ ಅಂತ ನನಗೂ ಗೊತ್ತದ. ನೀವು ಸುಮ್ನ ಗಾಡಿ ಹೊಡೀರಿ."

ಮೂರನೆಯದು ಶಿವಾಜಿನಗರದ ಕಡೆ, ಹಳೆಯ ಕಟ್ಟಡದ ಮೂರು ಮಹಡಿಗಳಲ್ಲಿ. ನಾನು ದಿನವೂ ಅದರ ಮುಂದೆ ಬಸ್ಸಿನಲ್ಲಿ ಹೋಗುತ್ತೇನೆ, ಒಳಗೆ ಹೋದದ್ದು ಅದೇ ಮೊದಲು. ಕೆಳಗೆ ಹಗ್ಗ, ಕೊಕ್ಕೆ, ಹೆಲ್ಮೆಟ್ಟು. ನಡುವೆ ಚೀಲ, ಡೇರೆ. ಬೂಟು ಎಲ್ಲಕ್ಕಿಂತ ಮೇಲೆ. ಕೊಳ್ಳುವವರು ಹತ್ತಬಲ್ಲರೇ ಎಂದು ಅಲ್ಲೇ ತಿಳಿಯಲಿ ಅಂತ ಇರಬೇಕು. ಬೆಲೆ ಮೊದಲಿನೆರಡರ ನಡುವೆ. ಆಯ್ಕೆ ಕಡಿಮೆ, ಮಾತು ಹೆಚ್ಚು. ಮಾರುವವರೆಲ್ಲ ಸ್ವತಃ ಕೋಟೆ ಹತ್ತುವವರು. ಒಂದು ಕಾಲುಚೀಲದ ಬೆಲೆ ಕೇಳಿದರೆ ಹಿಮಾಲಯಕ್ಕೆ ಹೋಗಿಬಂದ ಕಥೆಯನ್ನು ಪೂರ್ತಿ ಕೇಳಬೇಕು. ಅಣ್ಣ ಅಂಥ ಒಂದು ಕಥೆಗೆ ಎರಡನೆಯ ಮಹಡಿಯಲ್ಲಿ ಸಿಕ್ಕಿಬಿದ್ದ.

ಮೇಲೆ ವೈನಿಯ ಎದುರು ನಿಂತವರು ನಡುವಯಸ್ಸಿನ ಮಹಿಳೆ. ಮೊದಲ ಜೊತೆ, ಹೆಬ್ಬೆರಳು, 'ಘಟ್ಟ ನಾಹೀತ.' ಎರಡನೆಯ ಜೊತೆ. ವೈನಿಯ ತುಟಿ ಬಿಗಿಯಿತು, ಆದರೂ ಪಕ್ಕೆ ಒತ್ತಿ ನೋಡಿ ಮತ್ತೆ ಅದೇ ಮಾತು. ಆ ಮಹಿಳೆ ವೈನಿಯ ಪಾದವನ್ನೂ ಮುಖವನ್ನೂ ನೋಡಿದರು.

"ಅಜೂನ ಘಟ್ಟ? ಅಹೋ ಕಾಕೂ, ರಕ್ತ ಥಾಂಬೇಲ!"

ಇನ್ನೂ ಬಿಗಿ ಮಾಡಿದರೆ ರಕ್ತ ಓಡಾಡುವುದು ನಿಂತೀತು ಎಂದು ಅವರು ಹೇಳಿದ್ದು. ಆಗ ನನಗೆ ತಿಳಿಯಿತು. ನಮ್ಮ ಗಟ್ಟಿಗೆ ಒಂದು ಮಹಾಪ್ರಾಣ ಕೊಟ್ಟು, ಕೊನೆಯ ಇಕಾರ ತೆಗೆದರೆ ಮರಾಠಿಯ ಘಟ್ಟ ಆಗುತ್ತದೆ. ಆದರೆ ಬೂಟಿನ ವಿಷಯದಲ್ಲಿ ಘಟ್ಟ ಎಂದರೆ ಬಿಗಿ. ವೈನಿ ಬೆಳಗಿನಿಂದ ಗಟ್ಟಿಮುಟ್ಟಾದ ಬೂಟು ಕೇಳುತ್ತಿದ್ದೇನೆಂದುಕೊಂಡು ಮೂರು ಅಂಗಡಿಗಳಲ್ಲಿ ಬಿಗಿ ಬೂಟು ಕೇಳಿದ್ದರು. ಮೂರೂ ಅಂಗಡಿಯವರು ಕೇಳಿದ್ದನ್ನು ಕೊಟ್ಟಿದ್ದರು.

"ವೈನಿ, ಘಟ್ಟ ಅಂದ್ರ ಗಟ್ಟಿ ಅಲ್ಲರಿ. ಬಿಗಿ. ಗಟ್ಟಿಗೆ ಮಜಬೂತ ಅನಬೇಕು."

"ನನಗ ಮರಾಠಿ ಕಲಸಬ್ಯಾಡ. ಲಗ್ನ ಆಗಿ ಬಂದಾಗಿಂದ ಡೇರಿಯವಗ ಘಟ್ಟ ದಹೀ ಅಂತೀನಿ, ಗಟ್ಟಿ ಮೊಸರಽ ಕೊಡತಾನ. ಎಂದರ ಬಿಗಿ ಮೊಸರು ಕೊಟ್ಟಾನೇನು?"

ಮೊಸರಿಗೆ ಆ ಮಾತು ಸರಿಯೇ. ಹಿಮಾಲಯದಿಂದ ಬಿಡಿಸಿಕೊಂಡು ಮೇಲೆ ಬಂದ ಅಣ್ಣನಿಗೆ ವಿಷಯ ಹೇಳಿದೆ. ಅವನು ಹಣೆ ಬಡಿದುಕೊಂಡ.

"ಅಯ್ಯ, ಹೌದಲಾ! ನಟ್ ಘಟ್ಟ ಕರಾ, ಬೋಲ್ಟ್ ಘಟ್ಟ ಕರಾ ಅಂತ ನಮ್ಮ ಫ್ಯಾಕ್ಟರ್ಯಾಗ ದಿವಸಾ ಒದರತಾರ."

"ಮತ್ತ ಮುಂಜಾನಿಂದ ನಿಮ್ಮ ಬಾಯಿಗೆ ಯಾರು ಘಟ್ಟ ಮಾಡಿದ್ರು?" ಎಂದರು ವೈನಿ.

"ನಾ ರೇಟ್ ನೋಡಾಕತ್ತಿದ್ದೆ."

ನಕ್ಕವರಲ್ಲಿ ಅಂಗಡಿಯ ಮಹಿಳೆಯೂ ಒಬ್ಬರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ವೈನಿ ಯಾರ ಕಡೆಯೂ ನೋಡದೆ "ಮೋಠೇ ದಾಖವಾ" ಎಂದರು, ದೊಡ್ಡದು ತೋರಿಸಿ ಎಂದು. ಬಂದ ಜೊತೆಯ ಪಕ್ಕೆ ಒತ್ತಿದರೆ ಒಳಗೆ ಹೋಗಲಿಲ್ಲ, ಬೆರಳುಗಳು ಒಳಗೆ ಆರಾಮವಾಗಿ ಆಡಿದವು.

ಆಗ ಅಣ್ಣ ಬಾಯಿ ಬಿಟ್ಟ. ಅಳತೆಯೇನೋ ಗೊತ್ತಾಯಿತಲ್ಲ, ಹೆದ್ದಾರಿಯ ಅಂಗಡಿಗೇ ಮರಳಿ ಹೋದರೆ ಬೆಲೆಯಲ್ಲಿ ಉಳಿತಾಯ ಎಂದ. ವೈನಿ ಬೂಟು ಕಾಲಲ್ಲೇ ಇದ್ದ ಹಾಗೆ ಎದ್ದು, ಲಿಫ್ಟ್ ಬಿಟ್ಟು, ಮೆಟ್ಟಿಲುಗಳ ಮೇಲೆ ಸದ್ದು ಮಾಡುತ್ತ ಕೆಳಗಿಳಿದು ಬಿಲ್ಲಿನ ಮೇಜಿನ ಮುಂದೆ ನಿಂತರು. ಡಬ್ಬಿಯ ಮೇಲಿನ ಗೆರೆಗಳಿಲ್ಲದೆ ಬಿಲ್ಲಾಗುವುದಿಲ್ಲ ಎಂದು ಅಲ್ಲಿನವರು ಹೇಳಿದಾಗ ಡಬ್ಬಿ ತರಲು ಮೇಲೆ ಹತ್ತಿದವನು ಅಣ್ಣ.

ಮೊದಲ ಎರಡು ಅಂಗಡಿಗಳಿಗೆ ಅಂದು ಅನ್ಯಾಯವಾಯಿತು. ಅವುಗಳ ಬೂಟಿನಲ್ಲಿ ದೋಷವಿರಲಿಲ್ಲ. ಗುಂಪಿಗೆ ತಿದ್ದುಪಡಿ ಕಳಿಸಿರಿ ಎಂದು ವೈನಿಗೆ ಎರಡು ಸಲ ಹೇಳಿದೆ. ಸಂದೇಶ ಹಾಗೆಯೇ ಇದೆ.

ಭಾನುವಾರ ಬೆಳಿಗ್ಗೆ ನಾನೂ ಹತ್ತುವೆನೆಂದು ಹೋದೆ. ಸಿಂಹಗಡದ ಬುಡದಲ್ಲಿ ಮೇಡಮ್ ಒಬ್ಬೊಬ್ಬರನ್ನೇ ಕಾಲು ಮಡಚಿಸಿ, ಹಿಂದಿನಿಂದ ಬೂಟಿನ ತಳ ನೋಡುತ್ತಿದ್ದರು, ಲಾಳ ನೋಡುವವರ ಹಾಗೆ. ವೈನಿಯ ತಳವನ್ನು ಉಗುರಿನಿಂದ ಕೆರೆದು ಮುಂದೆ ಬಿಟ್ಟರು. ನನ್ನ ಸರದಿ ಬಂತು. ನನ್ನ ಬೂಟುಗಳು ವರ್ಷಗಟ್ಟಲೆ ಪತ್ರಿಕಾಗೋಷ್ಠಿಗಳ ನೆಲ ತಿಕ್ಕಿ ನುಣುಪಾಗಿದ್ದವು. ಮೇಡಮ್ ನನ್ನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದರು. ಆದ್ದರಿಂದ ಮೇಲೆ ಏನಾಯಿತು ಎಂಬುದಕ್ಕೆ ನಾನು ಪ್ರತ್ಯಕ್ಷ ಸಾಕ್ಷಿಯಲ್ಲ.

ವೈನಿಯನ್ನು ಕಾರಿನಲ್ಲಿ ಕರೆತಂದಿದ್ದ ಅಣ್ಣನೂ ನಾನೂ ಚಹಾದ ಅಂಗಡಿಯಲ್ಲಿ ಕುಳಿತೆವು. ಹೆಂಗಸರ ಸಾಲು ಮೊದಲ ತಿರುವಿನಲ್ಲಿ ಕಂಡಿತು, ಎರಡನೆಯದರಲ್ಲಿ ಬಣ್ಣದ ಚುಕ್ಕೆಗಳಾಯಿತು, ಆಮೇಲೆ ಬರೀ ಗುಡ್ಡ. ಮೊಣಕಾಲು ನೋವೆಂದು ಅರ್ಧದಲ್ಲೇ ಇಳಿದುಬಂದ ಒಬ್ಬರು ಅಣ್ಣನನ್ನು ಗುರುತಿಸಿ, ನಿಮ್ಮ ಮನೆಯವರು ಕಡಿದಾದ ಕಡೆ ಬಂಡೆಯ ಮೇಲೆ ಕೂತುಬಿಟ್ಟಿದ್ದರು ಎಂದರು. ಆಮೇಲೆ? ಆಮೇಲಿನದು ಅವರಿಗೆ ಗೊತ್ತಿರಲಿಲ್ಲ.

ಅಣ್ಣ ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತ. ನಾಲ್ಕು ಹೆಜ್ಜೆ ಮೇಲಕ್ಕೆ ಹೋದ, ತಿರುಗಿ ಬಂದ. "ದೊಡ್ಡ ಸೈಜ್ ಆತೇನ? ಒಳಗ ಕಾಲ ಜಾರೇತೇನ?" ಎಂದು ನನ್ನನ್ನು ಕೇಳಿದ. ಬೆಲೆಯ ಸುದ್ದಿ ಎತ್ತಲಿಲ್ಲ. ಗುಡ್ಡ ನೋಡುತ್ತ ನಿಂತೇ ಇದ್ದ; ಚಹಾದವನು ಲೋಟ ಒಯ್ದದ್ದೂ ಅವನಿಗೆ ಗೊತ್ತಾಗಲಿಲ್ಲ.

ಬಿಸಿಲೇರಿದ ಮೇಲೆ ಹೆಂಗಸರು ಇಳಿದುಬಂದರು. ವೈನಿ ಮುಂದಿನಿಂದ ಮೂರನೆಯವರು, ಮುಖ ಕೆಂಪಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಲ್ಲಿಯ ಮೇಲೆ ಅಡ್ಡಡ್ಡ ಹೆಜ್ಜೆಯಿಟ್ಟು, ನಿಂತೇ ಇಳಿಯುತ್ತಿದ್ದರು. ಬಂಡೆಯ ಮೇಲೆ ಕೂತದ್ದು ಬೂಟಿನ ಲಾಡಿ ಬಿಚ್ಚಿತ್ತು ಅಂತ. ಹಿಂದೆ ಬಂದ ಮೇಡಮ್ ನಮ್ಮ ಮುಂದೆಯೇ ಅವರ ಬೆನ್ನಿಗೊಂದು ಏಟು ಹಾಕಿ "ರಾಜಗಡಲಾ ಯಾ" ಎಂದರು, ಬನ್ನಿ ರಾಜಗಡಕ್ಕೆ ಎಂದು. ಮತ್ತು ಬೇರೆಯವರ ಮೊಣಕಾಲು ವಿಚಾರಿಸಲು ಹೋದರು.

ವೈನಿ ಬೆಂಚಿನ ಮೇಲೆ ಕುಳಿತು ನೀರು ಕುಡಿದರು. ಅಣ್ಣ ಅವರ ಮುಂದೆ ಬಗ್ಗಿ ಬೂಟುಗಳನ್ನು ನೋಡುತ್ತ ಕೇಳಿದ, "ಕಾಲು ಹೆಂಗ ಅದಾವ?"

"ಕಾಲಿನ ಸುದ್ದಿ ಬಿಡ್ರಿ" ಎಂದರು ವೈನಿ. "ನಾ ರಾಜಗಡದಾಗ ಇರೂ ಎರಡ ದಿನ ಮನ್ಯಾಗ ಅಡಗಿ ಯಾರು ಮಾಡತಾರ, ಅದನ್ನ ಹೇಳ್ರಿ."

ಅಣ್ಣ ತಲೆ ಎತ್ತಿ ನನ್ನ ಕಡೆ ನೋಡಿದ. ಪೇಟೆಗೆ ಹೋಗುವ ಸಿಟಿ ಬಸ್ಸು ಎದುರಿಗೇ ನಿಂತಿತ್ತು. ನಾನು ಅದರ ಬೋರ್ಡು ಓದತೊಡಗಿದೆ.