ಕೇಳದೆ ಕೆತ್ತಿದ ಮುಖ

ಆಂಧ್ರದ ಗಡಿಯ ಸೆಟ್ಟೂರಿನ ಲಿಂಗಣ್ಣ ಇಪ್ಪತ್ತೆರಡು ವರ್ಷದಿಂದ ಕಲ್ಯಾಣದುರ್ಗಕ್ಕೆ ಜೀಪು ಓಡಿಸುತ್ತಿದ್ದಾನೆ. ಜೀಪು ತುಂಬುವವರೆಗೆ ಸ್ಟ್ಯಾಂಡಿನಲ್ಲಿ ಕಾಯಬೇಕು. ಬೇರೆ ಡ್ರೈವರುಗಳು ಇಸ್ಪೀಟು ಆಡುವ ಆ ಹೊತ್ತಿನಲ್ಲಿ ಇವನು ಬೇವಿನ ಮರದ ತುಂಡು ಹಿಡಿದು ಗೊಂಬೆ ಕೆತ್ತುತ್ತಾ ಕೂರುತ್ತಿದ್ದ. ಯಾರೂ ಕಲಿಸಿದ್ದಲ್ಲ. ಮುರಿದ ಗರಗಸದ ಬ್ಲೇಡನ್ನು ಮಸೆದು ಉಳಿ ಮಾಡಿಕೊಂಡಿದ್ದ. ಟ್ರ್ಯಾಕ್ಟರಿಗೆ ಬಳಿದು ಮಿಕ್ಕ ಬಣ್ಣವನ್ನು ಶೆಡ್ಡಿನವರಿಂದ ಕೇಳಿ ತರುತ್ತಿದ್ದ. ಗೊಂಬೆಗಳೆಲ್ಲ ಸ್ಟ್ಯಾಂಡಿನ ಜನರೇ: ಬಾಯಿ ಬಿಟ್ಟುಕೊಂಡು ತೂಕಡಿಸುವ ಕಂಡಕ್ಟರು, ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡ ಮುದುಕಿ.

ಅದೇ ಸ್ಟ್ಯಾಂಡಿನಲ್ಲಿ ತಿಪ್ಪಕ್ಕ ಬೇಯಿಸಿದ ಕಡಲೇಕಾಯಿ ಮಾರುತ್ತಿದ್ದಳು. ಅವಳ ಎಡಗೆನ್ನೆಯ ಮೇಲೆ ತೊನ್ನಿನ ಬಿಳಿ ಮಚ್ಚೆ ಇತ್ತು. ಅದು ಕಾಣದಂತೆ ಸದಾ ಸೆರಗು ಎಳೆದುಕೊಂಡಿರುವಳು. ಮಧ್ಯಾಹ್ನ ಲಿಂಗಣ್ಣನ ಜೀಪಿನ ಹಿಂದಿನ ಸೀಟಿನಲ್ಲಿ ಬುತ್ತಿ ಬಿಚ್ಚಿದಾಗ ಮಾತ್ರ ಸೆರಗು ಜಾರಿದರೆ ಜಾರಲಿ ಎಂದು ಬಿಟ್ಟಿರುತ್ತಿದ್ದಳು.

ಲಿಂಗಣ್ಣ ಆ ಮುಖವನ್ನೇ ಕೆತ್ತಿದ. ಮಚ್ಚೆಯ ಬಿಳುಪು ಸರಿಯಾಗಿ ಬರಲಿಲ್ಲವೆಂದು ಮೂರು ಸಲ ಕೆರೆದು ಮತ್ತೆ ಬಳಿದ. ಅಷ್ಟು ಜೀವ ತುಂಬಿದ ಗೊಂಬೆ ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ತಿಪ್ಪಕ್ಕನಿಗೆ ಮಾತ್ರ ತೋರಿಸಲಿಲ್ಲ. ಸೀಟಿನ ಕೆಳಗೆ ಗೋಣಿಯಲ್ಲಿ ಸುತ್ತಿಟ್ಟ.

ಒಂದು ದಿನ ಹಿಂದೂಪುರದ ಡ್ರಾಯಿಂಗ್ ಟೀಚರ್ ಸ್ನೇಹಲತಾ ಜೀಪು ಹತ್ತಿದರು. ಗೊಂಬೆಗಳನ್ನು ಕಂಡು ತಮ್ಮೂರಿನ ಪ್ರದರ್ಶನಕ್ಕೆ ಕೇಳಿದರು. ಲಿಂಗಣ್ಣ ಹನ್ನೊಂದು ಗೊಂಬೆ ಕೊಟ್ಟ, ಗೋಣಿಯಲ್ಲಿದ್ದದ್ದನ್ನೂ ಸೇರಿಸಿ. ವಾರದ ಮೇಲೆ ತೆಲುಗು ಪೇಪರಿನಲ್ಲಿ ಫೋಟೋ ಬಂತು. ದೊಡ್ಡದಾಗಿ ಹಾಕಿದ್ದು ತಿಪ್ಪಕ್ಕನ ಗೊಂಬೆಯನ್ನೇ.

ಆ ಪೇಪರನ್ನು ಅವಳ ಮುಂದೆ ಹರಡಿದವನು ಬೇರೆ ಯಾರೂ ಅಲ್ಲ, ಲಿಂಗಣ್ಣನೇ. ಅವಳಿಗೆ ಸಂತೋಷವಾದೀತು ಎಂದುಕೊಂಡಿದ್ದ. ಸುತ್ತ ನಾಲ್ಕು ಜನ ಬಗ್ಗಿ ನೋಡಿದರು. ಒಬ್ಬ ಗುರುತು ಹಿಡಿದು ನಕ್ಕ. ತಿಪ್ಪಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಿನ್ನ ಮುಂದೆ ಸೆರಗು ಬಿಟ್ಟು ಕುಂತಿದ್ದು ನೀನು ನಮ್ಮೋನು ಅಂತ ಕಣಪ್ಪ. ಊರಿಗೆ ತೋರ್ಸು ಅಂತಲ್ಲ."

ಕಡಲೇಕಾಯಿ ಬುಟ್ಟಿ ಎತ್ತಿಕೊಂಡು ಹೊರಟವಳು ಮಾರನೆಯ ದಿನ ಬರಲಿಲ್ಲ, ಆಮೇಲೆಯೂ ಬರಲಿಲ್ಲ.

ಗೊಂಬೆಗಳು ವಾಪಸು ಬಂದಾಗ ಲಿಂಗಣ್ಣ ತಿಪ್ಪಕ್ಕನ ಗೊಂಬೆಯ ಮಚ್ಚೆಯ ಮೇಲೆ ಮೈಬಣ್ಣ ಬಳಿದು ಕೆನ್ನೆಯನ್ನು ಒಂದೇ ಸಮ ಮಾಡಿದ. ಅದನ್ನು ತೆಗೆದುಕೊಂಡು ಅವಳ ಮನೆಗೆ ಹೋದ. ತಿಪ್ಪಕ್ಕ ನೀರು ಕೊಟ್ಟು, ಚಾಪೆ ಹಾಸಿ ಕೂರಿಸಿದಳು. ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದ್ಯಾರಪ್ಪ?"

"ನೀನೇ ಕಣಕ್ಕ."

"ನಾನಲ್ಲ. ಹಂಗಾರೆ ನಿಂಗೂ ಆ ಮಚ್ಚೆ ಅಸಯ್ಯ ಅನ್ನಿಸ್ತಾ?"

ಲಿಂಗಣ್ಣನಿಗೆ ಅದನ್ನು ಎಷ್ಟು ಆಸೆಯಿಂದ ಬಳಿದಿದ್ದೆನೆಂದು ಹೇಳಬೇಕೆನಿಸಿತು. ಆದರೆ ಅಳಿಸಿದ ಕೈ ತನ್ನದೇ ಆಗಿತ್ತು. ಅವಳು ಗೊಂಬೆಯನ್ನು ಅವನ ಪಕ್ಕಕ್ಕೆ ಸರಿಸಿ ಒಲೆಯ ಕಡೆ ಹೋದಳು.

ಅಂದು ಸಂಜೆ ಹೆಂಡತಿ ಪಂಪಮ್ಮ, ಕೆತ್ತೋ ಮೊದಲು ಒಂದು ಮಾತು ಕೇಳಬಾರದಿತ್ತೇ ಎಂದಳು.

"ಕೇಳಿದ್ರೆ ಬ್ಯಾಡ ಅಂತಿದ್ಲು," ಎಂದ ಲಿಂಗಣ್ಣ. "ಅದು ಗೊತ್ತಿದ್ದೇ ಕೇಳ್ಲಿಲ್ಲ ಕಣೆ."

ಆಮೇಲೆ ಸ್ನೇಹಲತಾ ಎರಡು ಸಲ ಫೋನು ಮಾಡಿದರು. ಮನುಷ್ಯರ ಗೊಂಬೆ ಇನ್ನು ಮಾಡೋದಿಲ್ಲವೆಂದು ಹೇಳಿಬಿಟ್ಟ. ಈಗ ಎತ್ತು, ಗಿಳಿ ಕೆತ್ತುತ್ತಾನೆ. ನೋಡಲು ಚೆನ್ನಾಗಿಯೇ ಇರುತ್ತವೆ. ಒಂದು ಎತ್ತಿಗೂ ಇನ್ನೊಂದಕ್ಕೂ ವ್ಯತ್ಯಾಸ ಮಾತ್ರ ಕಾಣುವುದಿಲ್ಲ. ತಿಪ್ಪಕ್ಕ ಆಸ್ಪತ್ರೆ ಗೇಟಿನ ಬಳಿ ಕಡಲೇಕಾಯಿ ಮಾರುತ್ತಾಳೆ. ದಾರಿಯಲ್ಲಿ ಎದುರಾದರೆ ಪಂಪಮ್ಮ ಹೇಗಿದ್ದಾಳೆಂದು ವಿಚಾರಿಸುತ್ತಾಳೆ. ಚೆನ್ನಾಗಿದ್ದಾಳೆ ಎನ್ನುತ್ತಾನೆ ಲಿಂಗಣ್ಣ. ಇಬ್ಬರೂ ತಂತಮ್ಮ ದಾರಿ ಹಿಡಿಯುತ್ತಾರೆ.